ಬಣ್ಣದ ಮೇಲೆ ಬಣ್ಣ ಕೂರುವ ಜಾಗ

ಮಾಗಡಿಯಲ್ಲಾಗಲಿ, ಕನಕಪುರದಲ್ಲಾಗಲಿ ಮದುವೆಯ ಹಂಗಾಮಿನಲ್ಲಿ ಮನೆಗೆ ಬರುವ ಲಗ್ನಪತ್ರಿಕೆಗಳಲ್ಲಿ ಒಂದನ್ನು ಎತ್ತಿಕೊಂಡು ಮೇಲ್ತುದಿಯ ಗಣಪತಿಯನ್ನು ಸ್ವಲ್ಪ ಹೊತ್ತು ನೋಡಿ. ಕಿರೀಟದ ಕೆಂಪು, ಚಿನ್ನದ ಗೆರೆಯೊಳಗೆ ಸರಿಯಾಗಿ ತುಂಬಿದೆಯೇ? ಅಥವಾ ಒಂದು ಬದಿಯಲ್ಲಿ ಕಾಗದದ ಬಿಳಿ ಇಣುಕಿ, ಇನ್ನೊಂದು ಬದಿಯಲ್ಲಿ ಕೆಂಪು ಗೆರೆ ದಾಟಿ ಆಚೆ ಚಾಚಿದೆಯೇ? ತಪ್ಪಿರುವುದು ಅರ್ಧ ಮಿಲಿಮೀಟರ್ ಇರಬಹುದು. ಅಷ್ಟಕ್ಕೇ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಎಲ್ಲಿ ತಪ್ಪಿದೆ ಎಂದು ಹೇಳಲಾಗದವರಿಗೂ ಪತ್ರಿಕೆ ಕಳಪೆಯಾಗಿದೆ ಎಂಬುದು ಗೊತ್ತಾಗುತ್ತದೆ. ಪ್ರೆಸ್ಸಿನವರು ಇದನ್ನು ‘ರಿಜಿಸ್ಟರ್ ಔಟ್’ ಅನ್ನುತ್ತಾರೆ. ಬಣ್ಣ ಬಣ್ಣಕ್ಕೆ ಹೊಂದಿ ಬಂದರೆ ‘ರಿಜಿಸ್ಟರ್ ಕೂತಿದೆ’.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು. ಚೌಕಟ್ಟಿಗೆ ಬಿಗಿದ ಮೆಶ್‌ನಲ್ಲಿ ಬೇಕಾದ ಆಕಾರವನ್ನಷ್ಟೇ ತೆರೆದಿಟ್ಟು ಉಳಿದದ್ದನ್ನು ಮುಚ್ಚಿರುತ್ತಾರೆ. ಮೇಲೆ ಇಂಕು ಹಾಕಿ ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಎಳೆದರೆ ತೆರೆದ ಜಾಗದಲ್ಲಿ ಮಾತ್ರ ಇಂಕು ಕೆಳಗಿಳಿಯುತ್ತದೆ. ನಾಲ್ಕು ಬಣ್ಣದ ಚಿತ್ರವೆಂದರೆ ನಾಲ್ಕು ಸ್ಕ್ರೀನು, ನಾಲ್ಕು ಎಳೆತ. ನಾಲ್ಕೂ ಒಂದೇ ಜಾಗಕ್ಕೆ ಬಂದು ಬೀಳಬೇಕು. ನೋಡುವವರಿಗೆ ಸ್ಕ್ವೀಜಿ ಎಳೆಯುವ ಕೈಯ ಚಳಕವೇ ಎಲ್ಲವೂ ಅನ್ನಿಸುತ್ತದೆ. ಆ ಚಳಕ ನಿಜ. ಆದರೆ ರಿಜಿಸ್ಟರಿನ ಬಹುಪಾಲು ಇಂಕಿನ ಡಬ್ಬಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಯಾರ ಕಣ್ಣಿಗೂ ಬೀಳದ ಆ ಪೂರ್ವಸಿದ್ಧತೆಯೇ.

ರೇಷ್ಮೆಯ ಊರಾದ ರಾಮನಗರಕ್ಕೂ ಈ ಮುದ್ರಣಕ್ಕೂ ನಂಟಿದೆ. ‘ಸಿಲ್ಕ್ ಸ್ಕ್ರೀನ್’ ಎಂಬ ಹಳೆಯ ಹೆಸರು ಬಂದದ್ದೇ ಜಾಲರಿ ರೇಷ್ಮೆಯದಾಗಿದ್ದರಿಂದ. ಯುರೋಪಿನ ಹಿಟ್ಟಿನ ಗಿರಣಿಗಳಲ್ಲಿ ಹಿಟ್ಟು ಜರಡಿ ಹಿಡಿಯಲು ನೇಯುತ್ತಿದ್ದ ನಯವಾದ ರೇಷ್ಮೆ ಬಟ್ಟೆಯೇ ಮುದ್ರಣದ ಚೌಕಟ್ಟಿಗೂ ಏರಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಈಗ ಚೌಕಟ್ಟಿನಲ್ಲಿರುವುದು ಪಾಲಿಯೆಸ್ಟರ್. ರೇಷ್ಮೆ ತೇವಕ್ಕೆ ಸಡಿಲುತ್ತದೆ, ಪಾಲಿಯೆಸ್ಟರ್ ಅಷ್ಟು ಸಡಿಲುವುದಿಲ್ಲ. ಈ ಬದಲಾವಣೆಯಲ್ಲಿ ರಿಜಿಸ್ಟರಿನ ಪಾತ್ರ ಸಣ್ಣದಲ್ಲ. ಅಲುಗಾಡುವ ಜಾಲರಿಯಲ್ಲಿ ಎರಡನೆಯ ಬಣ್ಣವನ್ನು ಮೊದಲನೆಯದರ ಮೇಲೆ ಕೂರಿಸುವುದು ಎಂಥ ಸಾಹಸವಾಗಿತ್ತೆಂದು ಊಹಿಸಿಕೊಳ್ಳಬಹುದು.

ಚನ್ನಪಟ್ಟಣದ ಬೊಂಬೆ ಕೆಲಸವನ್ನು ನೋಡಿದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ಅಲ್ಲಿ ಆಲೆ ಮರದ ತುಂಡು ಲೇತ್‌ನಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಉಜ್ಜಿ ಹೊಳಪು ಕೊಡುತ್ತಾರೆ. ಕೆಂಪು ಪಟ್ಟಿಯ ಪಕ್ಕ ಹಳದಿ, ಹಳದಿಯ ಪಕ್ಕ ಹಸಿರು, ನಡುವೆ ಕೂದಲೆಳೆಯಷ್ಟೂ ಬಿರುಕಿಲ್ಲ. ಲೇತ್‌ನ ಅಕ್ಷವೇ ಅಲ್ಲಿ ಆಧಾರ. ಎಷ್ಟು ಬಣ್ಣ ಹಚ್ಚಿದರೂ ಮರ ಅದೇ ಅಕ್ಷದ ಸುತ್ತ ತಿರುಗುತ್ತದೆ, ಆದ್ದರಿಂದ ಪ್ರತಿ ಪಟ್ಟಿಯೂ ತಾನೇ ನೇರವಾಗುತ್ತದೆ. ಚಪ್ಪಟೆ ಕಾಗದಕ್ಕೂ ಬಟ್ಟೆಗೂ ಇಂಥ ಅಕ್ಷವಿಲ್ಲ. ಮುದ್ರಕ ಅದನ್ನು ತಾನೇ ಕಟ್ಟಿಕೊಳ್ಳಬೇಕು.

ಕಾರ್ಡಿಗೆ ಅದನ್ನು ಕಟ್ಟುವ ಕ್ರಮ ಸರಳವಾಗಿದೆ. ಹಲಗೆಯ ಒಂದು ಅಂಚಿಗೆ ಕೀಲು ಹಾಕಿ ಸ್ಕ್ರೀನನ್ನು ಬಿಗಿಯುತ್ತಾರೆ. ಬಾಗಿಲಿನಂತೆ ಅದು ಮೇಲೆದ್ದು ಅದೇ ಜಾಗಕ್ಕೆ ಮರಳಬೇಕು. ಹಲಗೆಯ ಮೇಲೆ ಕಾರ್ಡು ತಾಗಿ ನಿಲ್ಲಲು ಮೂರು ತುಂಡು ಅಂಟಿಸುತ್ತಾರೆ: ಉದ್ದದ ಅಂಚಿಗೆ ಎರಡು, ಅಗಲದ ಅಂಚಿಗೆ ಒಂದು. ಮೂರೇ ಸಾಕು. ನಾಲ್ಕನೆಯದನ್ನು ಇಟ್ಟರೆ ಕಾರ್ಡು ಕೆಲವಕ್ಕೆ ತಾಗುತ್ತದೆ, ಕೆಲವಕ್ಕೆ ತಾಗುವುದಿಲ್ಲ. ಕಾಗದ ಕತ್ತರಿಸುವ ಯಂತ್ರದಿಂದ ಬಂದ ಕಟ್ಟಿನಲ್ಲಿ ಎಲ್ಲ ಕಾರ್ಡುಗಳೂ ತುಸುವೂ ಹೆಚ್ಚುಕಡಿಮೆ ಇಲ್ಲದಂತೆ ಇರುವುದು ಅಪರೂಪ. ಆದ್ದರಿಂದ ಮೊದಲ ಬಣ್ಣಕ್ಕೆ ಯಾವ ಮೂಲೆ ತಾಗಿಸಿದ್ದರೋ ಕೊನೆಯ ಬಣ್ಣದವರೆಗೂ ಅದೇ ಮೂಲೆ. ಯಾರೋ ಸಹಾಯಕ ಕಟ್ಟನ್ನು ತಿರುಗಿಸಿ ಇಟ್ಟರೆ ಆ ಕೆಲಸವೇ ಕೆಟ್ಟಂತೆ. ಅದಕ್ಕೇ ಅನುಭವಿಗಳು ಕಟ್ಟಿನ ಆಧಾರದ ಬದಿಗೆ ಪೆನ್ಸಿಲಿನಿಂದ ಓರೆಯಾಗಿ ಒಂದು ಗೆರೆ ಎಳೆದಿಟ್ಟಿರುತ್ತಾರೆ.

ಎರಡನೆಯ ಸ್ಕ್ರೀನನ್ನು ಕೂರಿಸುವಾಗ ಬಳಸುವ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು, ನನಗೆ ಅದು ಅಷ್ಟು ಇಷ್ಟ. ಹಲಗೆಯ ಮೇಲೆ ಪಾರದರ್ಶಕ ಹಾಳೆಯೊಂದನ್ನು ಒಂದು ಬದಿಯಲ್ಲಿ ಮಾತ್ರ ಟೇಪಿನಿಂದ ಅಂಟಿಸುತ್ತಾರೆ. ಎರಡನೆಯ ಬಣ್ಣವನ್ನು ಮೊದಲು ಆ ಹಾಳೆಯ ಮೇಲೆಯೇ ಹೊಡೆಯುತ್ತಾರೆ. ಮೊದಲ ಬಣ್ಣ ಆಗಿರುವ ಕಾರ್ಡನ್ನು ಹಾಳೆಯ ಅಡಿಗೆ ತೂರಿಸಿ, ಮೇಲಿನಿಂದ ನೋಡುತ್ತ ಎರಡೂ ಚಿತ್ರ ಒಂದಾಗುವವರೆಗೆ ಸರಿಸುತ್ತಾರೆ. ಒಂದಾದ ಕ್ಷಣ ಕಾರ್ಡನ್ನು ಅಲುಗದಂತೆ ಹಿಡಿದು ಮೂರು ತುಂಡುಗಳನ್ನು ಅದರ ಅಂಚಿಗೆ ಅಂಟಿಸಿ, ಪಾರದರ್ಶಕ ಹಾಳೆಯನ್ನು ಮಡಚಿ ತೆಗೆಯುತ್ತಾರೆ. ಇನ್ನು ಮುಂದೆ ಎಷ್ಟು ಕಾರ್ಡಿಟ್ಟರೂ ಬಣ್ಣ ಅಲ್ಲೇ ಬೀಳುತ್ತದೆ. ಇದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಇಂಕು ಎಲ್ಲಿ ಬೀಳುತ್ತದೆಂದು ಮುಂಚೆಯೇ ಕಣ್ಣಾರೆ ಕಂಡುಕೊಂಡರೆ ಸಾಕು.

ಇಷ್ಟೆಲ್ಲ ಮಾಡಿಯೂ ಎಡ ತುದಿಯಲ್ಲಿ ಕೂತ ಬಣ್ಣ ಬಲ ತುದಿಯಲ್ಲಿ ಕೂರದಿದ್ದರೆ? ಆಗ ತಪ್ಪು ಹಲಗೆಯ ಮೇಲಿಲ್ಲ, ಸ್ಕ್ರೀನಿನೊಳಗೆ ಇದೆ. ಎಷ್ಟು ಸರಿಸಿದರೂ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ, ಏಕೆಂದರೆ ಎರಡು ಚಿತ್ರಗಳ ಅಳತೆಯೇ ಬೇರೆಯಾಗಿರುತ್ತದೆ. ಸಾಮಾನ್ಯ ಕಾರಣ ಮೆಶ್‌ನ ಬಿಗಿತ. ಒಂದು ಚೌಕಟ್ಟು ಹೊಸದಾಗಿ ಬಿಗಿದದ್ದು, ಇನ್ನೊಂದು ನೂರಾರು ಕೆಲಸ ಮುಗಿಸಿ ಸಡಿಲಾದದ್ದು ಎಂದಿಟ್ಟುಕೊಳ್ಳಿ. ಸ್ಕ್ವೀಜಿ ಒತ್ತಿದಾಗ ಸಡಿಲ ಮೆಶ್ ಮುಂದಕ್ಕೆ ಜಗ್ಗುತ್ತದೆ, ಅದರೊಂದಿಗೆ ಚಿತ್ರವೂ ಉದ್ದವಾಗುತ್ತದೆ. ಬಿಗಿತವನ್ನು ನ್ಯೂಟನ್ ಲೆಕ್ಕದಲ್ಲಿ ಅಳೆಯುವ ಮೀಟರು ಸಿಗುತ್ತದೆ. ಸೆಂಟಿಮೀಟರಿಗೆ 20ರಿಂದ 25 ನ್ಯೂಟನ್ ಇದ್ದರೆ ಬಹುಬಣ್ಣದ ಕೆಲಸಕ್ಕೆ ಒಳ್ಳೆಯದು. ಸಣ್ಣ ಊರಿನ ಪ್ರೆಸ್ಸುಗಳಲ್ಲಿ ಆ ಮೀಟರು ಕಾಣುವುದು ಕಡಿಮೆ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಸದ್ದಿನಿಂದ ಅಂಕಿ ಸಿಗದಿದ್ದರೂ ನಾಲ್ಕು ಚೌಕಟ್ಟು ಒಂದೇ ಸ್ವರದಲ್ಲಿವೆಯೇ ಎಂಬುದು ಗೊತ್ತಾಗುತ್ತದೆ. ಬೇಕಾದದ್ದು ಮುಖ್ಯವಾಗಿ ಅದೇ: ನಾಲ್ಕೂ ಸಮನಾಗಿರುವುದು.

ಸ್ಕ್ರೀನಿಗೂ ಕಾಗದಕ್ಕೂ ನಡುವೆ ಬಿಡುವ ಅಂತರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಂಕು ಬಿಟ್ಟ ಕೂಡಲೇ ಮೆಶ್ ಮೇಲೇಳಬೇಕು, ಇಲ್ಲದಿದ್ದರೆ ಅಂಚು ಹರಡುತ್ತದೆ. ಅದಕ್ಕಾಗಿ ಒಂದರಿಂದ ಮೂರು ಮಿಲಿಮೀಟರ್ ಬಿಡುತ್ತಾರೆ. ಅಂತರ ಹೆಚ್ಚಾದಷ್ಟೂ ಮೆಶ್ ಜಗ್ಗಬೇಕಾದ ದೂರ ಹೆಚ್ಚು, ಚಿತ್ರದ ಹಿಗ್ಗೂ ಹೆಚ್ಚು. ಮೊದಲ ಸ್ಕ್ರೀನಿಗೆ ಒಂದೂವರೆ, ಎರಡನೆಯದಕ್ಕೆ ಮೂರು ಎಂದಾದರೆ ಬಣ್ಣ ಹೊಂದುವ ಮಾತೇ ಇಲ್ಲ. ಚಿತ್ರವನ್ನು ಸ್ಕ್ರೀನಿಗೆ ಇಳಿಸಲು ಬಳಸುವ ಫಿಲ್ಮಿನ ವಿಷಯದಲ್ಲೂ ಎಚ್ಚರ ಬೇಕು. ನಾಲ್ಕು ಬಣ್ಣದ ಫಿಲ್ಮುಗಳನ್ನು ಒಂದೇ ಪ್ರಿಂಟರಿನಲ್ಲಿ, ಒಂದೇ ದಿಕ್ಕಿನಲ್ಲಿ, ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಲೇಸರ್ ಪ್ರಿಂಟರಿನ ಶಾಖಕ್ಕೆ ಫಿಲ್ಮು ಕುಗ್ಗುತ್ತದೆ. ಕೆಂಪಿನದು ಇವತ್ತು, ಕಪ್ಪಿನದು ನಾಳೆ ಇನ್ನೊಂದು ಅಂಗಡಿಯಲ್ಲಿ ಎಂದರೆ ಅಲ್ಲೇ ರಿಜಿಸ್ಟರ್ ಹೋಯಿತು. ಪ್ರತಿ ಫಿಲ್ಮಿನ ಮೇಲೂ ಕೆಳಗೂ ಮಧ್ಯಗೆರೆಯಲ್ಲಿ ಕೂಡಿಸುವ ಚಿಹ್ನೆಯಂಥ ಗುರುತು ಇರುತ್ತದೆ. ಆ ಗುರುತು ನಾಲ್ಕರಲ್ಲೂ ಒಂದರ ಮೇಲೊಂದು ಬಿದ್ದರೆ ಒಳಗಿನ ಚಿತ್ರವೂ ಬಿದ್ದಂತೆ.

ಇಷ್ಟಾದ ಮೇಲೂ ಉಳಿಯುವ ಕೂದಲೆಳೆಯ ವ್ಯತ್ಯಾಸವನ್ನು ವಿನ್ಯಾಸಕಾರ ನುಂಗಿಹಾಕುತ್ತಾನೆ. ತಿಳಿ ಬಣ್ಣವನ್ನು ಅದರ ಗಡಿಗಿಂತ ಸುಮಾರು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಆಚೆಗೆ ಹಿಗ್ಗಿಸಿ, ಗಾಢ ಬಣ್ಣವನ್ನು ಕೊನೆಗೆ ಅದರ ಮೇಲೆ ಹೊಡೆಯುವುದು ಇದರ ಕ್ರಮ. ಇದಕ್ಕೆ ಟ್ರ್ಯಾಪ್ ಎಂದು ಹೆಸರು. ಹಳದಿ ಹೂವಿಗೆ ಕಪ್ಪು ಗೆರೆಯ ಅಂಚಿದ್ದರೆ ಹಳದಿ ಗೆರೆಯಡಿ ಅಡಗುತ್ತದೆ, ಬಿಳಿ ಇಣುಕುವುದಿಲ್ಲ. ಗೆರೆಯೇ ಇಲ್ಲದೆ ಎರಡು ಬಣ್ಣ ಅಂಚಿಗೆ ಅಂಚು ತಾಗಿ ನಿಲ್ಲಬೇಕೆಂದು ಗ್ರಾಹಕ ಕೇಳಿದರೆ ಮುದ್ರಕ ಹೆಚ್ಚು ಹಣ ಕೇಳುವುದು ನ್ಯಾಯವೇ.

ಟೀ ಶರ್ಟಿನ ಕೆಲಸಕ್ಕೆ ತಿರುಗುವ ಯಂತ್ರವಿದೆ: ಮೇಲೆ ನಾಲ್ಕೋ ಆರೋ ತೋಳುಗಳಲ್ಲಿ ಸ್ಕ್ರೀನು, ಕೆಳಗೆ ಅಷ್ಟೇ ಹಲಗೆ. ಹಲಗೆಗೆ ಗಮ್ ಹಚ್ಚಿ ಶರ್ಟನ್ನು ಅಂಟಿಸಿದರೆ ಎಲ್ಲ ಬಣ್ಣ ಮುಗಿಯುವವರೆಗೆ ಎತ್ತುವುದಿಲ್ಲ. ಇಲ್ಲಿ ಆಧಾರ ಬಟ್ಟೆಯ ಅಂಚಲ್ಲ, ಹಲಗೆಯೇ. ತೋಳಿನ ಬೇರಿಂಗ್ ಸವೆದರೆ ಸ್ಕ್ರೀನು ಒಂದೊಂದು ಸಲ ಒಂದೊಂದು ಕಡೆ ಇಳಿಯುತ್ತದೆ. ಇನ್ನೊಂದು ತೊಂದರೆ ಶಾಖದ್ದು. ಗಾಢ ಬಟ್ಟೆಗೆ ಮೊದಲು ಬಿಳಿ ಹೊಡೆದು ಹೀಟರಿನಡಿ ಕ್ಷಣಕಾಲ ಒಣಗಿಸುತ್ತಾರೆ. ಬಿಸಿಗೆ ಹತ್ತಿಯ ತೇವ ಆರಿ ಬಟ್ಟೆ ಕುಗ್ಗುತ್ತದೆ, ಬಿಳಿಯೂ ಅದರೊಂದಿಗೆ ಚಿಕ್ಕದಾಗುತ್ತದೆ, ಮೇಲಿನ ಬಣ್ಣಗಳು ಮಾತ್ರ ಮೊದಲಿನ ಅಳತೆಯಲ್ಲೇ ಇರುತ್ತವೆ. ಹಲಗೆಗಳನ್ನು ಮೊದಲೇ ಕಾಯಿಸಿಕೊಂಡು, ಬಿಸಿಯಲ್ಲೇ ರಿಜಿಸ್ಟರ್ ಹೊಂದಿಸುವುದು ಇದಕ್ಕೆ ಪರಿಹಾರ.

ಕಷ್ಟದ ಶಿಖರವೆಂದರೆ ರೇಷ್ಮೆ. ರಾಮನಗರದ ಮಾರುಕಟ್ಟೆಗೆ ಬಂದ ಗೂಡು ನೂಲು ಬಿಚ್ಚಾಣಿಕೆದಾರರ ಕೈಗೆ ಹೋಗಿ, ನೂಲಾಗಿ, ಹುರಿಯಾಗಿ, ಮಗ್ಗಕ್ಕೇರಿ ಕ್ರೇಪ್ ಆಗುತ್ತದೆ. ಕ್ರೇಪಿನ ಹೊಕ್ಕಿನ ನೂಲಿಗೆ ತುಂಬಾ ಹುರಿ ಕೊಟ್ಟಿರುತ್ತಾರೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಇರುವ ಸೆರಿಸಿನ್ ಎಂಬ ಅಂಟನ್ನು ಬಿಸಿ ಸೋಪಿನ ನೀರಿನಲ್ಲಿ ತೆಗೆದಾಗ ಆ ಹುರಿ ಸಡಿಲಗೊಳ್ಳಲು ಹೊರಳಾಡಿ ಬಟ್ಟೆ ಮುದುಡುತ್ತದೆ. ಆ ಮುದುಡಿನಿಂದಲೇ ಕ್ರೇಪಿಗೆ ಅದರ ಮೃದುತನ, ಜೋಲು. ಅದೇ ಗುಣ ಮುದ್ರಕನ ಎದುರಾಳಿ. ಹಾಸುವಾಗ ಸ್ವಲ್ಪ ಎಳೆದರೂ ಬಟ್ಟೆ ಹಿಗ್ಗುತ್ತದೆ, ಬಿಟ್ಟರೆ ಮರಳುತ್ತದೆ.

ಸೀರೆಯನ್ನು ಉದ್ದನೆಯ ಮೇಜಿನ ಮೇಲೆ ಎಳೆಯದೆ, ಸುಕ್ಕಿಲ್ಲದೆ ಹಾಸಿ ಅಂಟಿಸುತ್ತಾರೆ ಅಥವಾ ಅಡಿಬಟ್ಟೆಗೆ ಪಿನ್ನು ಚುಚ್ಚುತ್ತಾರೆ. ಮೇಜಿನ ಒಂದು ಅಂಚಿನುದ್ದಕ್ಕೂ ಕಬ್ಬಿಣದ ಪಟ್ಟಿ. ಅದರ ಮೇಲೆ ವಿನ್ಯಾಸದ ಪುನರಾವರ್ತನೆಯ ಅಳತೆಗೆ ಒಂದೊಂದು ಸ್ಟಾಪರ್. ಸ್ಕ್ರೀನಿನ ಚೌಕಟ್ಟಿಗಿರುವ ಬೋಲ್ಟು ಸ್ಟಾಪರಿಗೆ ತಾಗಿ ನಿಂತ ಕಡೆ ಎಳೆತ. ಬೋಲ್ಟನ್ನು ತಿರುಗಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬಹುದು. ಒಂದನೆಯ ಜಾಗದ ಪಕ್ಕದ ಎರಡನೆಯದಕ್ಕೆ ಕೂಡಲೇ ಹೋಗುವುದಿಲ್ಲ. ಒಂದು, ಮೂರು, ಐದು ಎಂದು ಮೇಜಿನ ತುದಿಗೆ ಹೋಗಿ, ಒಣಗಿದ ಮೇಲೆ ಎರಡು, ನಾಲ್ಕು, ಆರು ಎಂದು ತುಂಬುತ್ತ ಬರುತ್ತಾರೆ. ಹಸಿ ಬಣ್ಣದ ಮೇಲೆ ಚೌಕಟ್ಟು ಕೂರಬಾರದಲ್ಲ! ಅಗಲದ ಸ್ಕ್ರೀನಾದರೆ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಸ್ಕ್ವೀಜಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಇಬ್ಬರ ಒತ್ತಡವೂ ಒಂದೇ ಆಗಿರಬೇಕು. ಇಲ್ಲಿ ಎರಡು ಹೊಂದಾಣಿಕೆ ಒಟ್ಟಿಗೆ ನಡೆಯಬೇಕು: ಬಣ್ಣ ಬಣ್ಣಕ್ಕೆ ಕೂರುವುದು, ಒಂದು ಜಾಗದ ಬಳ್ಳಿ ಮುಂದಿನ ಜಾಗದ ಬಳ್ಳಿಗೆ ಕಾಣದಂತೆ ಬೆಸೆಯುವುದು. ಮುದ್ರಣವಾದ ಮೇಲೆ ಸೀರೆಯನ್ನು ಹಬೆಯಲ್ಲಿಟ್ಟರೆ ಬಣ್ಣ ನಾರಿನೊಳಕ್ಕೆ ಇಳಿಯುತ್ತದೆ, ಆಮೇಲೆ ತೊಳೆದು ಗೋಂದು ತೆಗೆಯುತ್ತಾರೆ. ರಿಜಿಸ್ಟರಿನ ತಪ್ಪು ಪೂರ್ಣವಾಗಿ ಕಾಣುವುದು ಆಗಲೇ, ಅಷ್ಟರಲ್ಲಿ ತಿದ್ದುವ ಕಾಲ ಮೀರಿರುತ್ತದೆ.

ಡಿಜಿಟಲ್ ಯಂತ್ರಗಳು ಬಂದ ಮೇಲೆ ಎಲ್ಲ ಬಣ್ಣವೂ ಒಂದೇ ಓಟದಲ್ಲಿ ಬೀಳುತ್ತದೆ, ರಿಜಿಸ್ಟರಿನ ಈ ಪಾಡು ಬೇಕಿಲ್ಲ. ಹತ್ತು ಸೀರೆ, ಇಪ್ಪತ್ತು ಶರ್ಟಿಗೆ ಅದೇ ಸರಿ, ಹಳೆಯದೆಂಬ ಕಾರಣಕ್ಕೆ ಸ್ಕ್ರೀನನ್ನು ಹಿಡಿದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ದಪ್ಪ ಬಿಳಿ, ಮಿನುಗುವ ಲೋಹದ ಪುಡಿ ಬೆರೆಸಿದ ಚಿನ್ನ, ಸಾವಿರಗಟ್ಟಲೆ ಒಂದೇ ಬಗೆಯ ಚೀಲ, ಇವುಗಳಲ್ಲಿ ಸ್ಕ್ರೀನಿಗೆ ಇನ್ನೂ ಸಾಟಿಯಿಲ್ಲ.

ನಮ್ಮ ರಾಜ್ಯದಲ್ಲಿ ರಿಜಿಸ್ಟರಿನ ಅತಿ ಕಟ್ಟುನಿಟ್ಟಿನ ಕೆಲಸವೊಂದನ್ನು ನೋಡಬೇಕೆಂದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುತ್ತದೆ. ಬಣ್ಣ ಒಂದೇ, ಕಡುನೀಲಿ. ಆದರೆ ಅಶೋಕ ಚಕ್ರವನ್ನು ಬಿಳಿ ಖಾದಿಯ ಎರಡೂ ಬದಿಗೆ ಮುದ್ರಿಸಬೇಕು. ಬೆಳಕಿಗೆ ಹಿಡಿದಾಗ ಮುಂದಿನ 24 ಅರೆಗಳೂ ಹಿಂದಿನ 24 ಅರೆಗಳೂ ಒಂದೇ ಆಗಿ ಕಾಣಬೇಕು. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. 150 ಮಿಲಿಮೀಟರ್ ಉದ್ದದ ಅತಿ ಚಿಕ್ಕ ಧ್ವಜದಲ್ಲಿ ಚಕ್ರದ ವ್ಯಾಸ 25 ಮಿಲಿಮೀಟರ್; ಅಂಚಿನಲ್ಲಿ ಅರೆಯಿಂದ ಅರೆಗೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ದೂರ, ಹಾಗಾಗಿ ಅರ್ಧ ಮಿಲಿಮೀಟರ್ ತಿರುಗಿದರೂ ಅರೆಗಳು ಜೋಡಿಜೋಡಿಯಾಗಿ ಕಾಣುತ್ತವೆ. 6300 ಮಿಲಿಮೀಟರ್ ಉದ್ದದ ಅತಿ ದೊಡ್ಡ ಧ್ವಜದಲ್ಲಿ ಚಕ್ರ 1295 ಮಿಲಿಮೀಟರ್. ಅಲ್ಲಿ ಅರ್ಧ ಮಿಲಿಮೀಟರ್ ಯಾರಿಗೂ ಕಾಣದು. ಆದರೆ ಅಷ್ಟು ಅಗಲದ ಕೈಮಗ್ಗದ ಬಟ್ಟೆಯನ್ನು ಮಗುಚಿ ಹಾಸುವಾಗ ಅದು ಒಂದು ಮೂಲೆಗೆ ಎಳೆದುಕೊಂಡರೆ ಹಿಂಬದಿಯ ವೃತ್ತ ಮುಂಬದಿಯದರ ಮೇಲೆ ಮುಚ್ಚಿಕೊಳ್ಳುವುದಿಲ್ಲ.