ಸ್ಮಾರ್ಟ್ ಟ್ರಾನ್ಸ್‌ಮಿಟರ್ ಮತ್ತು ನಿಯಂತ್ರಣ ವ್ಯವಸ್ಥೆ: ಹಾರ್ಟ್ ಸಂವಹನದ ಸ್ವರೂಪ

ಕೈಗಾರಿಕಾ ಸ್ಥಾವರಗಳಲ್ಲಿ ಒತ್ತಡ, ಉಷ್ಣತೆ, ಹರಿವು ಮೊದಲಾದವುಗಳನ್ನು ಅಳೆದು ನಿಯಂತ್ರಣ ಕೊಠಡಿಗೆ ತಿಳಿಸುವ ಸಾಧನವೇ ಟ್ರಾನ್ಸ್‌ಮಿಟರ್. ಈ ಕಾರ್ಯಕ್ಕೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವು ದೀರ್ಘಕಾಲದಿಂದ ಬಳಕೆಯಲ್ಲಿದೆ. ಅಳತೆಯು ಶೂನ್ಯವಿದ್ದಾಗಲೂ 4 ಮಿಲಿಆಂಪಿಯರ್ ಹರಿಯುವುದರಿಂದ, ತಂತಿ ತುಂಡಾದರೆ ಅದನ್ನು ಪ್ರತ್ಯೇಕವಾಗಿ ಗುರುತಿಸಬಹುದು.

1980ರ ದಶಕದಲ್ಲಿ ಅಮೆರಿಕದ ರೋಸ್‌ಮೌಂಟ್ ಸಂಸ್ಥೆಯು ರೂಪಿಸಿದ ಹಾರ್ಟ್ ಸಂವಹನ ವಿಧಾನವು ಇದೇ ಜೋಡಿ ತಂತಿಯ ಮೂಲಕ ಡಿಜಿಟಲ್ ಸಂದೇಶವನ್ನೂ ಸಾಗಿಸುತ್ತದೆ. ಇದರಲ್ಲಿ 1200 ಹರ್ಟ್ಸ್ ಆವೃತ್ತಿಯು 1 ಎಂಬ ಅಂಕಿಯನ್ನೂ 2200 ಹರ್ಟ್ಸ್ ಆವೃತ್ತಿಯು 0 ಎಂಬುದನ್ನೂ ಸೂಚಿಸುತ್ತವೆ. ಈ ಅಲೆಗಳ ಸರಾಸರಿ ಮೌಲ್ಯ ಶೂನ್ಯವಾದ್ದರಿಂದ ಮೂಲ ಪ್ರವಾಹದ ಅಳತೆ ಕೆಡುವುದಿಲ್ಲ. ಸಂದೇಶವನ್ನು ಗ್ರಹಿಸಲು ವಿದ್ಯುನ್ಮಂಡಲದಲ್ಲಿ ಸಾಮಾನ್ಯವಾಗಿ 250 ಓಮ್ ರೋಧವನ್ನು ಇರಿಸಲಾಗುತ್ತದೆ.

ಆದರೆ ತಂತಿ ಜೋಡಿಸಿದ ಮಾತ್ರಕ್ಕೆ ಸಂಪರ್ಕ ಪೂರ್ಣವಾಗದು. ಕೈ ಉಪಕರಣದ ನೆರವಿನಿಂದ ಟ್ರಾನ್ಸ್‌ಮಿಟರಿನ ಅಳತೆಯ ವ್ಯಾಪ್ತಿಯನ್ನು ಸುಲಭವಾಗಿ ಬದಲಿಸಬಹುದು. ಪ್ರವಾಹವು ಮಾತ್ರ ಈ ಬದಲಾವಣೆಯನ್ನು ತಿಳಿಸುವುದಿಲ್ಲ. ಉದಾಹರಣೆಗೆ, ಟ್ರಾನ್ಸ್‌ಮಿಟರಿನ ವ್ಯಾಪ್ತಿ 0–16 ಬಾರ್ ಆಗಿದ್ದು, ನಿಯಂತ್ರಣ ವ್ಯವಸ್ಥೆಯಲ್ಲಿ ಹಳೆಯ 0–10 ಬಾರ್ ಉಳಿದಿದೆ ಎಂದುಕೊಳ್ಳೋಣ. ಆಗ 12 ಮಿಲಿಆಂಪಿಯರ್ ಪ್ರವಾಹಕ್ಕೆ ನಿಜವಾದ ಒತ್ತಡ 8 ಬಾರ್. ಪರದೆಯ ಮೇಲೆ ಕಾಣುವುದು 5 ಬಾರ್. ತಂತಿಯೂ ಉಪಕರಣವೂ ಸುಸ್ಥಿತಿಯಲ್ಲಿರುವುದರಿಂದ ಯಾವ ಎಚ್ಚರಿಕೆಯೂ ಮೊಳಗದು. ಪಾತ್ರೆಯ ಒತ್ತಡವು ಅಪಾಯದ ಮಿತಿಯನ್ನು ದಾಟಿದರೂ ತಿಳಿಯದೆ ಹೋಗಬಹುದು.

ಹಾರ್ಟ್ ಸಂದೇಶವನ್ನು ಓದಬಲ್ಲ ಇನ್‌ಪುಟ್ ಕಾರ್ಡ್ ಅಥವಾ ಮಲ್ಟಿಪ್ಲೆಕ್ಸರ್ ಇದ್ದಲ್ಲಿ ಎರಡೂ ಕಡೆಯ ವ್ಯಾಪ್ತಿಯನ್ನು ಹೋಲಿಸಿ ಇಂತಹ ದೋಷವನ್ನು ಪತ್ತೆಹಚ್ಚಬಹುದು. ಅಂತಹ ಏರ್ಪಾಡು ಇಲ್ಲದೆಡೆ ವ್ಯಾಪ್ತಿಯ ಪ್ರತಿಯೊಂದು ಬದಲಾವಣೆಯನ್ನೂ ಎರಡೂ ಕಡೆ ದಾಖಲಿಸಿ ಪರೀಕ್ಷಿಸುವುದು ಅನಿವಾರ್ಯ.