ಉದರದೊಳಗಿನ ದ್ವಾರಪಾಲಕ

ನಾವು ಉಂಡ ಅನ್ನವು ಜಠರದಲ್ಲಿ ಪಕ್ವವಾಗಿ ಕರುಳಿಗೆ ಇಳಿಯುವುದೆಂಬುದನ್ನು ವಾಚಕರೆಲ್ಲರೂ ಬಲ್ಲರು. ಆದರೆ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಮೊದಲಾಗುವ ಸಂಧಿಯಲ್ಲಿ ಒಂದು ಕವಾಟವಿದ್ದು, ಅದು ಹಗಲಿರುಳೂ ಕಾವಲಿರುವುದನ್ನು ಅರಿತವರು ವಿರಳ. ಗೃಹಸ್ಥರು ತಿಳಿದಿರಬೇಕಾದ ಈ ವಿಷಯವನ್ನು ಸಂಕ್ಷೇಪವಾಗಿ ನಿವೇದಿಸುವೆವು.

ಹೊಟ್ಟೆಯ ಬಲಭಾಗದಲ್ಲಿ, ಹೊಕ್ಕುಳಿಗಿಂತ ಕೆಳಗೆ, ಈ ಕವಾಟದ ಸ್ಥಾನ. ಸುಮಾರು 20 ಅಡಿ ಉದ್ದದ ಸಣ್ಣ ಕರುಳು ಅಲ್ಲಿ ಸುಮಾರು 5 ಅಡಿ ಉದ್ದದ ದೊಡ್ಡ ಕರುಳಿನ ಪಕ್ಕವನ್ನು ಹೊಕ್ಕು ಸೇರುವುದು. ಸೇರುವೆಡೆಯಲ್ಲಿ ಅದರ ತುದಿಯು ಎರಡು ತುಟಿಗಳಂತೆ ಒಳಕ್ಕೆ ಚಾಚಿಕೊಂಡಿರುವುದು. ಸುತ್ತಲೂ ಬಳೆಯಂತೆ ಸ್ನಾಯುವುಂಟು. ಕೆಳಗಿರುವ ಚೀಲದಂತಹ ಭಾಗವೇ ಕುರುಡುಗರುಳು. ಅಪೆಂಡಿಕ್ಸೆಂಬ ಕಿರುಬಾಲವು ಜೋತಿರುವುದು ಅದಕ್ಕೇ.

ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಪಂಡಿತ ಕಾಸ್ಪರ್ ಬೌಹಿನನ (1560–1624) ಹೆಸರಿನಿಂದಲೂ, ಆಮ್‌ಸ್ಟರ್‌ಡಾಮಿನ ವೈದ್ಯ ನಿಕೊಲಾಸ್ ಟುಲ್ಪನ ಹೆಸರಿನಿಂದಲೂ ಈ ಕವಾಟವನ್ನು ಕರೆಯುವುದುಂಟು. ರೆಂಬ್ರಾಂಟನು 1632ರಲ್ಲಿ ರಚಿಸಿದ ಶವಚ್ಛೇದನದ ಪ್ರಸಿದ್ಧ ಚಿತ್ರದಲ್ಲಿ ಪಾಠ ಹೇಳುತ್ತಿರುವವನು ಈ ಟುಲ್ಪನೇ.

ಇನ್ನು ಇದರ ಕಾರ್ಯ. ಕೆರೆಯ ತೂಬು ನೀರನ್ನು ಅಳತೆಯಿಂದ ಬಿಡುವಂತೆ, ಇದು ಅನ್ನರಸವನ್ನು ತಡೆದು ತಡೆದು ಬಿಡುವುದು. ಹೀಗೆ ದಿನವೊಂದಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ದ್ರವವು ದೊಡ್ಡ ಕರುಳಿಗೆ ಸಾಗುವುದು. ತಡೆಯುವುದರಿಂದ ಸಣ್ಣ ಕರುಳಿಗೆ ಸಾರವನ್ನು ಹೀರಲು ಅವಕಾಶ ದೊರೆಯುವುದು; ಬಿ12 ಎಂಬ ವಿಟಮಿನ್ನೂ ಪಿತ್ತದ ಲವಣಗಳೂ ರಕ್ತಕ್ಕೆ ಸೇರುವುದು ಆ ಕೊನೆಯ ಭಾಗದಲ್ಲಿಯೇ. ನಾವು ಊಟ ಮಾಡಿದೊಡನೆ ಕವಾಟವು ಸಡಿಲಗೊಂಡು ಮುಂಚಿನ ಊಟದ ಶೇಷಕ್ಕೆ ದಾರಿಗೊಡುವುದು. ಕುರುಡುಗರುಳು ತುಂಬಿದರೆ ಬಿಗಿಯಾಗುವುದು. ದೊಡ್ಡ ಕರುಳಿನಲ್ಲಿ ಅಸಂಖ್ಯವಾಗಿ ವಾಸಿಸುವ ಸೂಕ್ಷ್ಮಜೀವಿಗಳು ಹಿಂದಕ್ಕೆ ನುಗ್ಗದಂತೆಯೂ ಕಾಯುವುದು.

ಈ ಕಾವಲುಗಾರನ ನಿಷ್ಠೆಯೇ ಒಮ್ಮೊಮ್ಮೆ ವಿಪತ್ತಿಗೆ ಕಾರಣ. ದೊಡ್ಡ ಕರುಳು ಮುಂದೆಲ್ಲಿಯಾದರೂ ಕಟ್ಟಿಕೊಂಡಾಗ ಕವಾಟವು ಹಿಂದಕ್ಕೂ ದಾರಿ ಕೊಡದಿದ್ದರೆ, ನಡುವಿನ ಕರುಳು ಉಬ್ಬಿ ಕುರುಡುಗರುಳು ಒಡೆಯಬಹುದು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯವು ಬಹುಮಟ್ಟಿಗೆ ಈ ಸಂಧಿಯನ್ನೇ ಆಶ್ರಯಿಸುವುದು. ಬಹುದಿನದ ಬಲಹೊಟ್ಟೆಯ ನೋವು, ಜ್ವರ, ಮೈ ಇಳಿಯುವಿಕೆಗಳಿದ್ದರೆ ಪರೀಕ್ಷೆ ಮಾಡಿಸತಕ್ಕದ್ದು.

ತಾಯಂದಿರು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಹಾಲುಗೂಸುಗಳಲ್ಲಿ ಕೆಲವೊಮ್ಮೆ ಸಣ್ಣ ಕರುಳಿನ ತುದಿಯು ಈ ದ್ವಾರದ ಮೂಲಕ ದೊಡ್ಡ ಕರುಳಿನೊಳಕ್ಕೆ ಜಾರಿ ಸಿಕ್ಕಿಕೊಳ್ಳುವುದು. ಮಗುವು ಕಾಲು ಮಡಿಚಿ ಚೀರುವುದು, ಕೆಲವು ನಿಮಿಷ ಸುಮ್ಮನಾಗುವುದು, ಮತ್ತೆ ಚೀರುವುದು, ವಾಂತಿಯಾಗುವುದು, ತರುವಾಯ ರಕ್ತಲೋಳೆಗಳು ಬೆರೆತ ಕೆಂಪು ಮಲವೂ ಆಗಬಹುದು. ಆ ಕೆಂಪು ಕಾಣುವ ತನಕ ಕಾಯಬಾರದು. ದೃಷ್ಟಿ ತಾಕಿತೆಂದು ನಿವಾಳಿಸುತ್ತಲೋ, ಹರಳೆಣ್ಣೆ ಕುಡಿಸುತ್ತಲೋ ಕಾಲಹರಣ ಮಾಡುವುದು ಅಪಾಯಕರ. ಸಿಕ್ಕಿದ ಕರುಳಿಗೆ ರಕ್ತಸಂಚಾರ ನಿಂತು ಅದು ಕೊಳೆಯತೊಡಗುವುದು. ಬೇಗನೆ ಆಸ್ಪತ್ರೆಗೆ ಒಯ್ದರೆ, ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ಹಾಯಿಸಿ, ಶಸ್ತ್ರವಿಲ್ಲದೆಯೇ ಅನೇಕ ಶಿಶುಗಳ ಕರುಳನ್ನು ಸ್ವಸ್ಥಾನಕ್ಕೆ ತರುವರು.

ದೊಡ್ಡವರಿಗೂ ಬಲಗೆಳಹೊಟ್ಟೆಯಲ್ಲಿ ಹಠಾತ್ತಾಗಿ ನೋವು ಬಂದಾಗ ಭೇದಿಯ ಔಷಧವನ್ನು ಕೊಡದೆ ವೈದ್ಯರನ್ನು ಕಾಣುವುದೇ ಲೇಸು.