ಕಾಡಿಗೆ ಚಿಲಕವಿಲ್ಲ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಬೀದಿಗಳಲ್ಲಿ ಮನೆ ಎಂದರೆ ಹೆಚ್ಚಾಗಿ ಮೂವತ್ತು-ನಲವತ್ತರ ಸೈಟು. ಕೆಳಗೆ ಅಪ್ಪ-ಅಮ್ಮ, ಮೇಲೆ ಬಾಡಿಗೆಯವರು, ನಡುವೆ ಮಗ-ಸೊಸೆಗೆಂದು ಸುಣ್ಣಬಣ್ಣ ಕಂಡ ಒಂದು ರೂಮು. ಮದುವೆಯಾದ ವಾರವಿಡೀ ಆ ರೂಮಿನ ಬಾಗಿಲು ಬಡಿಯುವವರೇ: ಬೀಗರೂಟಕ್ಕೆ ತಡವಾಯಿತು, ಸತ್ಯನಾರಾಯಣ ಪೂಜೆಗೆ ಭಟ್ಟರು ಬಂದರು, ನಾಳೆ ಮನೆದೇವರಿಗೆ ಹೊರಡಬೇಕು. ಹಿಂದೆಲ್ಲ ಹೊಸ ಜೋಡಿಯ ಮೊದಲ ಪ್ರಯಾಣವೇ ಮನೆದೇವರಿಗೆ, ಅದೂ ಗಾಡಿ ತುಂಬ ನೆಂಟರೊಂದಿಗೆ. ಈಗ ಅದು ಮುಗಿದ ಮೇಲೆ ಇನ್ನೊಂದು ಪ್ರಯಾಣ ಸೇರಿಕೊಂಡಿದೆ, ಇಬ್ಬರೇ ಸಫಾರಿ ಕ್ಯಾಂಪಿಗೆ. ಕೆಂಗೇರಿ ದಾಟಿದರೆ ಮೈಸೂರಿನ ದಶಪಥ. 2023ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾದ ಮೇಲೆ ನಾಗರಹೊಳೆ ಕಾಡಿನಂಚಿನ ಕಬಿನಿ ಇನ್ನಷ್ಟು ಹತ್ತಿರ ಬಂದಂತಾಗಿದೆ. ಈ ದಾರಿ ಹಿಡಿದ ಜೋಡಿಯ ಬಾಯಲ್ಲಿ ಹುಲಿಯ ಮಾತಿದ್ದರೂ, ಅವರು ದುಡ್ಡು ಕೊಡುತ್ತಿರುವುದು ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕಕ್ಕೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಚಿಲಕವನ್ನು ಕಾಡಿನ ಅಂಚಿನಲ್ಲೇ ಯಾಕೆ ಕೊಳ್ಳಬೇಕು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಯಾಕೆಂದರೆ ‘ಖಾಸಗಿ ಸಫಾರಿ ಕ್ಯಾಂಪ್’ ಎಂಬ ಮಾತು ನಮ್ಮಲ್ಲಿ ಅರ್ಧ ಮಾತ್ರ ನಿಜ. ದಕ್ಷಿಣ ಆಫ್ರಿಕದ ಕ್ರೂಗರ್ ಪಕ್ಕದ ಸಾಬಿ ಸ್ಯಾಂಡ್‌ನಲ್ಲಿ ಭೂಮಿಯೇ ಖಾಸಗಿಯವರದ್ದು. ಅಲ್ಲಿ ಕ್ಯಾಂಪಿನ ಮಾಲೀಕ ತನ್ನ ಜೀಪನ್ನು ತನ್ನ ನೆಲದಲ್ಲಿ, ದಾರಿ ಬಿಟ್ಟೂ ಓಡಿಸಬಲ್ಲ. ನಾಗರಹೊಳೆಯಲ್ಲಿ ಹಾಗಿಲ್ಲ. ಕಬಿನಿ ದಂಡೆಯ ರೆಸಾರ್ಟಿನ ಕೋಣೆ, ಈಜುಕೊಳ, ಹಾಸಿಗೆಯ ಮೇಲೆ ಗುಲಾಬಿ ಎಸಳಿನ ಹೃದಯ, ಇಷ್ಟು ಖಾಸಗಿ. ಬೆಳಗಿನ ಜಾವ ಬಾಗಿಲು ತಟ್ಟಿ ಚಹಾ ಕೊಟ್ಟ ಮೇಲೆ ಹತ್ತುವ ಜೀಪು ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನದ್ದು, ದಾರಿ ಅರಣ್ಯ ಇಲಾಖೆಯದ್ದು. ಪಕ್ಕದ ಸೀಟಿನಲ್ಲಿ ಮಾರುದ್ದದ ಕ್ಯಾಮೆರಾ ಲೆನ್ಸ್ ಹಿಡಿದವರು, ಹಿಂದೆ ಚಿಪ್ಸ್ ಪೊಟ್ಟಣ ಬಿಚ್ಚುವ ಮಗು. ಮುಸಿಯ ಕೂಗಿತೆಂದರೆ ಎಂಜಿನ್ ಆಫ್. ಎಲ್ಲರೂ ಒಂದೇ ಪೊದೆಯತ್ತ ಕತ್ತು ಚಾಚಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಕಾಡಿನ ಅತ್ಯಂತ ಚೆಂದದ ಗಳಿಗೆ ಅದು. ಅದರಲ್ಲಿ ಏಕಾಂತದ ಲವಲೇಶವೂ ಇಲ್ಲ.

ಕಬಿನಿಯ ಈ ದಂಡೆಯೂ ಪ್ರಕೃತಿ ಕೊಟ್ಟದ್ದಲ್ಲ. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಕಟ್ಟಿದ ಮೇಲೆ ಕಾಡೂ ಹಳ್ಳಿಗಳೂ ಮುಳುಗಿ ಈ ಹಿನ್ನೀರು ಹುಟ್ಟಿತು. ಬೇಸಿಗೆಯಲ್ಲಿ ನೀರು ಸರಿದ ಕಡೆ ಹಸಿ ಹುಲ್ಲು ಚಿಗುರುತ್ತದೆ, ಅದಕ್ಕೆ ನೂರಾರು ಆನೆಗಳು ಬಂದು ಸೇರುತ್ತವೆ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್, ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆಯನ್ನೇ ವಸತಿಗೃಹ ಮಾಡಿಕೊಂಡಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆ ಮಾದರಿ ಗೆದ್ದದ್ದೇ ತಡ, ಉಳಿದವರಿಗೂ ದಂಡೆ ಬೇಕಾಯಿತು. ಒಂದು ಹಂತದಲ್ಲಿ ಕಾಡಿನೊಳಗೇ, ಮೂರ್ಕಲ್ಲಿನಲ್ಲಿ, ತಾಜ್ ಸಮೂಹದ ಕಂಪನಿಯೊಂದಕ್ಕೆ ಜಾಗ ಕೊಡಲಾಗಿತ್ತು. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಹೈಕೋರ್ಟು ಅದು ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದಿತು. ತಲೆಮಾರುಗಳಿಂದ ಅಲ್ಲಿದ್ದ ಜೇನುಕುರುಬರನ್ನು ಕಾಡಿನಿಂದ ಹೊರಗೆ ಕಳಿಸುತ್ತಾ, ಎರಡು ರಾತ್ರಿಯ ಅತಿಥಿಯನ್ನು ಒಳಗೆ ಕರೆಯುವುದು ಯಾವ ನ್ಯಾಯ ಎಂಬ ಅವರ ಪ್ರಶ್ನೆ ತೀರ್ಪಿನಾಚೆಗೂ ಉಳಿದಿದೆ. ಅಂದಿನಿಂದ ರೆಸಾರ್ಟುಗಳು ಗಡಿಯ ಹೊರಗಿವೆ ನಿಜ. ಆದರೆ ಗಡಿ ಕಲ್ಲು ಎಲ್ಲಿದೆಯೆಂದು ಆನೆಗೆ ಗೊತ್ತಿಲ್ಲ.

ಹುಲಿಗೂ ಗೊತ್ತಿಲ್ಲ. ಕಾಡಂಚಿನ ಸರಗೂರು ಸುತ್ತಿನ ಹೊಲಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರಿನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸಿತು. ಸಫಾರಿ ಜೀಪಿನಿಂದಲೇ ಹುಲಿ ಊರಿಗೆ ಬಂತೆಂದು ಹೇಳುವಷ್ಟು ಆಧಾರ ಇಲ್ಲ. ಹುಲಿಗಳೇ ಹೆಚ್ಚಿವೆ, 2022ರ ಗಣತಿಯಲ್ಲಿ ನಾಗರಹೊಳೆಯೊಂದರಲ್ಲೇ 141. ಆದರೂ ರೈತರ ಸಿಟ್ಟು ರೆಸಾರ್ಟಿನ ಕಡೆ ತಿರುಗಿದ್ದು ಸುಮ್ಮನೆ ಅಲ್ಲ. ಹುಲಿಯಿಂದ ಬರುವ ದುಡ್ಡು ಒಂದು ಕಡೆ, ಹುಲಿಯ ಭಯ ಇನ್ನೊಂದು ಕಡೆ ಎಂದು ಪಾಲಾದರೆ ಯಾರು ತಾನೇ ಸುಮ್ಮನಿರುತ್ತಾರೆ?

ಊರಿನ ಹುಡುಗರಿಗೆ ಕೆಲಸ ಸಿಕ್ಕಿದೆಯಲ್ಲ ಎನ್ನುವವರಿದ್ದಾರೆ. ಸಿಕ್ಕಿದೆ, ಡ್ರೈವರುಗಳಾಗಿ, ಅಡುಗೆಯವರಾಗಿ, ಕೆಲವರು ಪ್ರಾಣಿಪಕ್ಷಿಗಳ ಹೆಸರು ಪಟಪಟ ಹೇಳುವ ನಿಪುಣರಾಗಿ. ಆದರೆ ಸಂಬಳ ಬರುವ ಮನೆ ಒಂದು, ಹಸು ಕಳೆದುಕೊಂಡ ಕೊಟ್ಟಿಗೆ ಇನ್ನೊಂದು. ಪ್ರವಾಸಿಗರ ಕಣ್ಣಿದ್ದರೆ ಕಳ್ಳಬೇಟೆ ನಡೆಯದು ಎಂಬ ವಾದ ಇದಕ್ಕಿಂತ ಗಟ್ಟಿಯಾಗಿ ಕೇಳುತ್ತದೆ, ನಿಲ್ಲುವುದಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಕಾಡುಗಳ ಪ್ರವಾಸವನ್ನು ಕೆಲಕಾಲ ತಡೆದು ಮತ್ತೆ ಬಿಟ್ಟಾಗ ಬಂದ ನಿಯಮದ ಪ್ರಕಾರ, ಕಾಡಿನ ನಡುಭಾಗದ ಶೇ. 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸ ನಡೆಯುವಂತಿಲ್ಲ. ಉಳಿದ ಶೇ. 80ನ್ನು ಕಾಯುತ್ತಿರುವವರು ಕಳ್ಳಬೇಟೆ ತಡೆ ಶಿಬಿರದಲ್ಲಿ ಮಲಗಿ, ಕಾಲ್ನಡಿಗೆಯಲ್ಲಿ ಗಸ್ತು ತಿರುಗುವ ವಾಚರುಗಳು. ಅವರಲ್ಲಿ ಅನೇಕರು ಆದಿವಾಸಿಗಳೇ.

ಹಾಗಾದರೆ ಹೊಸದಾಗಿ ಮದುವೆಯಾದವರು ಕಾಡು ನೋಡಬಾರದೇ? ನೋಡಲಿ. ನಾನು ಹೇಳುವುದು ಕಾಡನ್ನೂ ಕೋಣೆಯನ್ನೂ ಬೇರೆ ಮಾಡಿ ಎಂದು. ಮೈಸೂರಿನಲ್ಲೋ ಎಚ್.ಡಿ. ಕೋಟೆಯಲ್ಲೋ ಉಳಿದುಕೊಂಡು ಸಫಾರಿ ನಡೆಯುವ ದಿನ ಕಾಡಂಚಿನ ದಮ್ಮನಕಟ್ಟೆಗೆ ಬಂದು ಅರಣ್ಯ ಇಲಾಖೆಯ ಬಸ್ಸು ಹತ್ತಿದರೂ ಕಾಣುವುದು ಅದೇ ಆನೆ. ಈಗಾಗಲೇ ಎದ್ದು ನಿಂತ ರೆಸಾರ್ಟನ್ನು ಕೆಡವಿ ಎನ್ನುವುದು ಆಗದ ಮಾತು. ಹೊಸದಕ್ಕೆ ದಂಡೆ ಕೊಡದಿರುವುದು ಆಗುವ ಮಾತು. ಇದ್ದವಕ್ಕೆ ಇನ್ನೊಂದು ನಿಯಮ ಸಾಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ಕ್ಕೆ ಗೇಟು ಬಿದ್ದರೆ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಓಡಾಟವಿಲ್ಲ, ಪ್ರಾಣಿಗಳು ರಸ್ತೆ ದಾಟಲೆಂದು. ಹಿನ್ನೀರಿಗೆ ಮುಖ ಮಾಡಿದ ಹುಲ್ಲುಹಾಸಿನ ದೀಪಗಳೂ, ಕ್ಯಾಂಪ್‌ಫೈರ್ ಹಾಡುಗಳೂ ಅದೇ ಹೊತ್ತಿಗೆ ಆರಲಿ. ಚಿಲಕ ಹಾಕಿಕೊಂಡವರಿಗೆ ಹೊರಗಿನ ಲೈಟಿನಿಂದ ಏನಾಗಬೇಕು?